ಕಾರಿನ ಕರೆಂಟ್ ಲೆಕ್ಕ: ಶಿವನಸಮುದ್ರದಿಂದ ಗೃಹಜ್ಯೋತಿವರೆಗೆ

ನಮ್ಮೂರ ನಿವೃತ್ತ ಮೇಷ್ಟ್ರೊಬ್ಬರು ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆಯಲ್ಲಿದ್ದಾರೆ. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದೇ ರೂಪಾಯಿ ಅಂತ ಶೋರೂಮಿನವರು ಹೇಳಿದ್ದಾರಂತೆ. "ಹೌದೇನಪ್ಪಾ? ನೀನು ಪೇಪರಿನವನು, ವಿಚಾರಿಸಿ ಹೇಳು" ಅಂದರು.

ವಿಚಾರಿಸುತ್ತಾ ಹೋದೆ. ಇವತ್ತಿನ ಬಿಲ್ಲು ಅರ್ಥವಾಗಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ತೆಗೆದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. ಆ ಕರೆಂಟ್ ಮೊದಲು ಹೋದದ್ದು ಯಾರ ಮನೆಗೂ ಅಲ್ಲ. ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಅಲ್ಲಿನ ಬ್ರಿಟಿಷ್ ಕಂಪನಿಗಳು ಅಲ್ಲಿಯವರೆಗೆ ಉಗಿ ಯಂತ್ರ ಓಡಿಸುತ್ತಿದ್ದವು. ಕರೆಂಟ್ ಕೊಂಡದ್ದು ಎಚ್‌ಪಿ ಲೆಕ್ಕದಲ್ಲಿ, ಅಂದರೆ ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಅಂತ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆ ಲೈನು ಹಾದುಹೋದ ದಾರಿಯ ಹಳ್ಳಿಗಳ ಜನ ಮಾತ್ರ ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದರು.

ಕರೆಂಟಿನ ಬೆಲೆ ಅಂದರೆ ಬರೀ ಯೂನಿಟ್ ದರ ಅಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅದರಲ್ಲಿ ಮೂರು ಪ್ರಶ್ನೆ ಇವೆ. ಎಷ್ಟು ಉರಿಸಿದಿರಿ? ನಿಮಗೆ ಎಷ್ಟು ದೊಡ್ಡ ಲೈನ್ ಬೇಕು? ದುಡ್ಡು ಯಾರು ಕೊಡುತ್ತಾರೆ?

ನಮ್ಮ ಪಂಪ್‌ಸೆಟ್ಟುಗಳ ಕಥೆಯೂ ಇದೇ. 1980ರ ದಶಕದಲ್ಲಿ ಮೀಟರ್ ಬಿಟ್ಟು ಮೋಟಾರಿನ ಎಚ್‌ಪಿ ಮೇಲೆ ಬಿಲ್ ಹಾಕುವ ಪದ್ಧತಿ ಬಂತು. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲ ಅಂತಾಯಿತು. ಬಡವರ ಮನೆಗೆ ಒಂದು ಬಲ್ಬು ಕೊಟ್ಟ ಭಾಗ್ಯಜ್ಯೋತಿ ಅದಕ್ಕೂ ಮೊದಲೇ ಬಂದಿತ್ತು. ರೈತ ಕೊಡದಿದ್ದದ್ದನ್ನು ಸರ್ಕಾರ ಕೊಟ್ಟಿತು. ಬಿಲ್ಲು ಎಲ್ಲೂ ಮಾಯವಾಗಲಿಲ್ಲ, ಕೊಡುವವರು ಬದಲಾದರು ಅಷ್ಟೆ.

ಮನೆಯ ಪ್ಲಗ್ಗಿಗೆ ಕಾರು ಸಿಕ್ಕಿಸುವುದು ಕೂಡ ನಮ್ಮ ರಾಜ್ಯಕ್ಕೆ ಹೊಸದಲ್ಲ. ಚೇತನ್ ಮೈನಿ ಅವರ ರೇವಾ ಕಾರು ಬೆಂಗಳೂರಿನಲ್ಲಿ 2001ರಲ್ಲೇ ರಸ್ತೆಗಿಳಿಯಿತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ ರಾತ್ರಿ ಮಲಗಿದರೆ ಬೆಳಿಗ್ಗೆ ಚಾರ್ಜ್ ಆಗಿರುತ್ತಿತ್ತು. ಸುಮಾರು 80 ಕಿ.ಮೀ. ಓಡುತ್ತಿತ್ತು. ಅದೇ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಅನ್ನುವ ಹೆಸರಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು.

ರೇವಾಗೆ ಒಂದು ಸಲ ತುಂಬಿಸಲು ಹತ್ತು ಯೂನಿಟ್ ಆಸುಪಾಸು ಸಾಕಿತ್ತು. ಆದರೆ ಅದರಲ್ಲಿದ್ದದ್ದು ಟ್ರ್ಯಾಕ್ಟರಿನಲ್ಲಿ ಇರುವಂಥ ಸೀಸದ ಬ್ಯಾಟರಿ. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸೆಟ್ ಬದಲಿಸಬೇಕಿತ್ತು. ನಿಜವಾದ ಖರ್ಚು ಇದ್ದದ್ದು ಅಲ್ಲಿ. ಇವತ್ತಿನ ಲಿಥಿಯಂ ಬ್ಯಾಟರಿ ಹೆಚ್ಚು ಬಾಳಿಕೆ ಬರುತ್ತದೆ. ಹಾಗಾಗಿ ಖರ್ಚು ಈಗ ಬೇರೆ ಕಡೆ ಅಡಗಿದೆ.

ಈಗ ಮೇಷ್ಟ್ರ ಲೆಕ್ಕಕ್ಕೆ ಬರೋಣ. ಅವರು ತಿಂಗಳಿಗೆ 1,000 ಕಿ.ಮೀ. ಓಡಿಸುತ್ತಾರೆ ಅಂದುಕೊಳ್ಳಿ. 30 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಕಾರು ಸುಮಾರು 200 ಕಿ.ಮೀ. ಹೋದರೆ ತಿಂಗಳಿಗೆ 150 ಯೂನಿಟ್ ಬೇಕು. ಆದರೆ ಚಾರ್ಜ್ ಆಗುವಾಗ ಬಿಸಿಯಾಗಿ ನೂರಕ್ಕೆ ಹತ್ತು ಹದಿನೈದರಷ್ಟು ಪೋಲಾಗುತ್ತದೆ. ಬ್ಯಾಟರಿಗೆ ಹೋದದ್ದು 150 ಆದರೂ ಮೀಟರಿನಲ್ಲಿ ಓಡಿದ್ದು 170. ಯೂನಿಟ್ಟಿಗೆ 6 ರೂ. ಅಂತ ಹಿಡಿದರೆ 1,020 ರೂ. ಶೋರೂಮಿನವರು ಹೇಳಿದ ಒಂದು ರೂಪಾಯಿ ಇದೇ. ಸುಳ್ಳಲ್ಲ.

ಆದರೆ 2023ರಿಂದ ಮನೆ ಮನೆಯಲ್ಲಿ ಗೃಹಜ್ಯೋತಿ ಇದೆ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ, ಅಷ್ಟು ಉಚಿತ ಅಂತ ಯೋಜನೆ ಬಂತು. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. ಆದರೆ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಮೇಷ್ಟ್ರ ಮನೆ ಬಳಕೆ 70 ಯೂನಿಟ್. ಇದುವರೆಗೂ ಬಿಲ್ಲು ಸೊನ್ನೆ. ಕಾರಿನ 170 ಸೇರಿದರೆ 240. ಗೃಹಜ್ಯೋತಿ ಹೋಯಿತು. ಈಗ 240 ಯೂನಿಟ್ಟಿಗೂ ಕಟ್ಟಬೇಕು, 1,440 ರೂ. ಇದರ ಮೇಲೆ ವಿದ್ಯುತ್ ತೆರಿಗೆ.

ಇನ್ನು ಲೈನಿನ ಪ್ರಶ್ನೆ. ಹಳ್ಳಿಯ ಎಷ್ಟೋ ಮನೆಗಳಿಗೆ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್. ಮನೆಯ ಸಾಮಾನ್ಯ ಚಾರ್ಜರ್ ಒಂದೇ ಮೂರಕ್ಕಿಂತ ಹೆಚ್ಚು ಎಳೆಯುತ್ತದೆ. ಲೋಡ್ ಏರಿಸಲೇಬೇಕು. ಆಗ ಬಿಲ್ಲಿನ ನಿಗದಿತ ಶುಲ್ಕ ಕಿಲೋವ್ಯಾಟಿಗೆ ನೂರು ರೂಪಾಯಿಗೂ ಹೆಚ್ಚಿನಂತೆ ತಿಂಗಳು ತಿಂಗಳು ಬೀಳುತ್ತದೆ, ಕಾರು ಓಡಲಿ ಬಿಡಲಿ. ಅಂದು ಗಣಿಯವರು ಎಚ್‌ಪಿಗೆ ಕೊಟ್ಟದ್ದೂ ಇಂಥದ್ದೇ ಲೆಕ್ಕ. ಎಲ್ಲ ಕೂಡಿದರೆ ತಿಂಗಳಿಗೆ ಎರಡು ಸಾವಿರದ ಹತ್ತಿರ. ಕಿಲೋಮೀಟರಿಗೆ ಎರಡು ರೂಪಾಯಿ. ಹೊಸ ವೈರಿಂಗ್, ಅರ್ಥಿಂಗ್ ಖರ್ಚು ಇದರಲ್ಲಿ ಸೇರಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜೇ ತಗೊಳ್ಳುವುದಿಲ್ಲ.

ಹಾಗಂತ ಕಾರು ಬೇಡ ಅಂತ ಅಲ್ಲ. ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅದೇ ಸಾವಿರ ಕಿಲೋಮೀಟರಿಗೆ ಐದೂವರೆ ಸಾವಿರ ಬೇಕು. ಉಳಿತಾಯ ನಿಜವೇ. ಹೇಳಿದಷ್ಟಲ್ಲ, ಅಷ್ಟೆ.

ಕೊಳ್ಳುವ ಮೊದಲು ಕಳೆದ ಆರು ತಿಂಗಳ ಬಿಲ್ಲು ಹುಡುಕಿ ಇಟ್ಟುಕೊಳ್ಳಿ. 200ರಲ್ಲಿ ನಿಮ್ಮ ಮನೆ ಬಳಕೆ ಕಳೆಯಿರಿ. ಉಳಿದದ್ದು ಕಾರಿಗೆ ಸಿಗುವ ಜಾಗ. ಮೇಷ್ಟ್ರಿಗೆ 130 ಯೂನಿಟ್, ಅಂದರೆ ಸುಮಾರು 750 ಕಿ.ಮೀ. ಅಷ್ಟರಲ್ಲೇ ಇದ್ದರೆ ಗೃಹಜ್ಯೋತಿ ಉಳಿಯುತ್ತದೆ. ಗಾಡಿ ಚಾರ್ಜಿಂಗಿಗೆ ರಾಜ್ಯದಲ್ಲಿ ಬೇರೆ ದರವೇ ಇದೆ. ಪ್ರತ್ಯೇಕ ಮೀಟರ್ ಸಿಗುತ್ತದೆಯೇ ಅಂತ ನಿಮ್ಮ ಸೆಕ್ಷನ್ ಆಫೀಸಿನಲ್ಲಿ ಕೇಳಿ.

ಇಷ್ಟು ಹೇಳಿದ ಮೇಲೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಿಲ್ಲು ತಿರುಗಿಸಿ ನೋಡಿದರು. "ಮಗಳ ಊರಿಗೆ ತಿಂಗಳಿಗೆ ಎರಡು ಸಲ ಹೋಗೋದನ್ನ ಒಂದು ಸಲ ಮಾಡಿದ್ರೆ ಸರಿಹೋಗುತ್ತೆ ಬಿಡಪ್ಪಾ" ಅಂದರು. ಒಳಗಿಂದ ಅಮ್ಮಾವ್ರು ಕೂಗಿದರು: "ಹಾಗಾದ್ರೆ ಕಾರ್ ಯಾಕೆ?"