ಎ.ಪಿ. ನಂಬರಿನ ಪೋಲೋ

ಹೈದರಾಬಾದಿನವರಿಗೆ ಫೋಕ್ಸ್‌ವ್ಯಾಗನ್ ಎಂಬ ಹೆಸರು ಕಾರಿಗಿಂತ ಐದು ವರ್ಷ ಮೊದಲೇ ಹಗರಣವಾಗಿ ಪರಿಚಯವಾಗಿತ್ತು. ನಮ್ಮ ಕಡೆ ಪತ್ರಿಕೆ ಓದುವವರಿಗೆ ಇದು ಅಷ್ಟಾಗಿ ನೆನಪಿರಲಿಕ್ಕಿಲ್ಲ. 2005ರಲ್ಲಿ ಇಲ್ಲಿಯ ಇರಾನಿ ಹೋಟೆಲುಗಳಲ್ಲಿ ಚಹಾದ ಜೊತೆ ಇದೇ ಮಾತು.

ಕಥೆ ಹೀಗಿದೆ. ಜರ್ಮನಿಯ ಈ ದೊಡ್ಡ ಕಂಪನಿ ಭಾರತದಲ್ಲಿ ಕಾರ್ಖಾನೆ ಹಾಕಲು ಜಾಗ ಹುಡುಕುತ್ತಿತ್ತು. ಆಗಿನ್ನೂ ಒಂದೇ ಆಗಿದ್ದ ಆಂಧ್ರಪ್ರದೇಶದ ಸರ್ಕಾರ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆಯಿತು. ಮಾತುಕತೆ ನಡೆಯುತ್ತಿರುವಾಗಲೇ 'ವಶಿಷ್ಠ ವಾಹನ್' ಎಂಬ ಕಂಪನಿಗೆ, ಅದು ಫೋಕ್ಸ್‌ವ್ಯಾಗನ್‌ನದೇ ಪಾಲುದಾರ ಸಂಸ್ಥೆ ಎಂದು ನಂಬಿ, ಸರ್ಕಾರದ ಕಡೆಯಿಂದ ಸುಮಾರು 11 ಕೋಟಿ ರೂಪಾಯಿ ಹೋಯಿತು. ಆ ಕಂಪನಿಗೂ ನಮಗೂ ಸಂಬಂಧವಿಲ್ಲ ಅಂತ ಜರ್ಮನಿಯವರು ಹೇಳಿದಾಗ ಇಲ್ಲಿ ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಅತ್ತ ಇದೇ ಸಮೂಹದ ಸ್ಕೋಡಾ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಅದೇ ಜೂನ್ ತಿಂಗಳಲ್ಲಿ ಕೆಲಸ ಬಿಟ್ಟ. ಇತ್ತ ತನಿಖೆ ಸಿ.ಬಿ.ಐ.ಗೆ ಹೋಯಿತು. ಕೊನೆಗೆ 2006ರ ನವೆಂಬರಿನಲ್ಲಿ ಕಾರ್ಖಾನೆ ಪುಣೆಯ ಹತ್ತಿರದ ಚಾಕಣಕ್ಕೆ ಎಂದು ತೀರ್ಮಾನವಾಯಿತು. ವೈಜಾಗಿನಲ್ಲಿ ಆಗಬೇಕಿದ್ದ ಕಾರು ಮರಾಠಿ ಮಾತಾಡುವ ಊರಲ್ಲಿ ಹುಟ್ಟಿತು.

ಗುಲ್ಬರ್ಗದಿಂದ ಬಂದ ನನ್ನಂಥವನಿಗೆ ಹೈದರಾಬಾದು ಪರದೇಶ ಅಂತ ಹೇಳೋದು ಸ್ವಲ್ಪ ಅತಿಶಯವೇ. 1956ರ ನವೆಂಬರ್ 1ರ ತನಕ ಬೀದರ, ಗುಲ್ಬರ್ಗ, ರಾಯಚೂರಿನವರಿಗೆಲ್ಲ ಇದೇ ರಾಜಧಾನಿ. ನಮ್ಮಜ್ಜ ಕೋರ್ಟಿನ ಕೆಲಸಕ್ಕೆ ಬಂದರೆ ತಿಂಗಳುಗಟ್ಟಲೆ ಇಲ್ಲೇ ಇರುತ್ತಿದ್ದರಂತೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದರೆ ಇವತ್ತಿಗೂ ನಾಲ್ಕು ಕನ್ನಡದ ಮಾತು ಸಿಗುತ್ತವೆ. ಆದರೂ ಬಾಡಿಗೆ ಮನೆ, ರೇಷನ್ ಕಾರ್ಡು, ಗಾಡಿಯ ನಂಬರು ಅಂತ ಬಂದಾಗ ಮನುಷ್ಯನಿಗೆ ತಾನು ಯಾವ ರಾಜ್ಯದವನು ಎನ್ನೋದು ನೆನಪಾಗೇ ಆಗುತ್ತದೆ.

2009ರ ಮಾರ್ಚಿನಲ್ಲಿ ಚಾಕಣದ ಕಾರ್ಖಾನೆ ಉದ್ಘಾಟನೆಯಾಯಿತು. 2010ರಲ್ಲಿ ಪೋಲೋ ಮಾರಾಟಕ್ಕೆ ಬಂತು. ಯುರೋಪಿನಲ್ಲಿ 1975ರಿಂದ ಓಡುತ್ತಿದ್ದ ಹೆಸರು, ಇದು ಐದನೇ ತಲೆಮಾರು, ಆ ವರ್ಷದ 'ವರ್ಲ್ಡ್ ಕಾರ್ ಆಫ್ ದಿ ಇಯರ್' ಬೇರೆ. ಆದರೆ ನಮಗೆ ಸಿಕ್ಕ ಪೋಲೋದ ಬಾನೆಟ್ಟಿನ ಕೆಳಗೆ ಇದ್ದದ್ದು ಮೂರು ಸಿಲಿಂಡರಿನ 1.2 ಲೀಟರ್ ಇಂಜಿನ್. ಸಿಗ್ನಲ್‌ನಲ್ಲಿ ನಿಂತರೆ ಸಣ್ಣಗೆ ನಡುಗುತ್ತಿತ್ತು. ಇದಕ್ಕೆ ಕಾರಣ ಜರ್ಮನಿಯಲ್ಲಿಲ್ಲ, ದಿಲ್ಲಿಯಲ್ಲಿದೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು 24ರಿಂದ 16 ಪರ್ಸೆಂಟಿಗೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಪೆಟ್ರೋಲ್ ಇಂಜಿನ್ 1200 ಸಿ.ಸಿ., ಡೀಸೆಲ್ 1500 ಸಿ.ಸಿ. ದಾಟಬಾರದು. ಪೋಲೋದ ಮೈ ಸುಮಾರು 3.97 ಮೀಟರ್, ಅದೇನೋ ಸರಿಹೋಯಿತು. ಇಂಜಿನ್ನಿಗೂ ಈ ಅಂಗಿ ತೊಡಿಸಬೇಕಾಯಿತು. ನಮ್ಮ ರಸ್ತೆಯ ಮೇಲಿನ ಎಷ್ಟೋ ಕಾರುಗಳ ಆಕಾರ ಬರೆದವರು ಇಂಜಿನಿಯರುಗಳಲ್ಲ, ಅರ್ಥ ಸಚಿವಾಲಯದವರು.

ಆ ವರ್ಷ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯೇ ಮಾತಾಡಿತು. ಪುಟ ತಿರುವಿದರೆ ಒಳಗೆ ಅಂಟಿಸಿದ್ದ ಸಣ್ಣ ಪೆಟ್ಟಿಗೆ ಬೆಳಕು ತಗುಲಿ ವೆಂಟೋ ಕಾರಿನ ಜಾಹೀರಾತು ಒದರತೊಡಗುತ್ತಿತ್ತು. ಎಷ್ಟೋ ಮನೆಯಲ್ಲಿ ಅದನ್ನು ಬಾಯಿ ಮುಚ್ಚಿಸಲು ಗೊತ್ತಾಗದೆ ದಿಂಬಿನ ಕೆಳಗೆ ಇಟ್ಟರಂತೆ.

ಡಿಸೆಂಬರಿನಲ್ಲಿ ನಾನೂ ಒಂದು ಪೆಟ್ರೋಲ್ ಪೋಲೋ ಕೊಂಡೆ. ಬಾಗಿಲು ಹಾಕಿದಾಗಿನ 'ಧಪ್' ಎನ್ನುವ ಸದ್ದಿಗೆ ಮನಸೋತೆ ಅಂತ ಹೇಳಿದರೆ ಸಾಕು, ಆ ಕಾರು ಇಟ್ಟವರೆಲ್ಲ ಒಪ್ಪುತ್ತಾರೆ. ನಂಬರು ಆಂಧ್ರದ್ದು. ಊರಿಗೆ ತೆಗೆದುಕೊಂಡು ಹೋದಾಗ ಸೋದರಮಾವ ಕಾರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಅಲ್ಲೋ ತಮ್ಮ, ಚಲೋ ಅದ ಖರೆ. ಕೆಟ್ಟರ ಯಾರ್ ಮಾಡ್ತಾರೋ ಇದ್ನ?" ನಮ್ಮಲ್ಲಿ ಜರ್ಮನ್ ಯಂತ್ರ ಅಂದರೆ ಬೆಂಗಳೂರಿನ ಮೈಕೋ. 1951ರಿಂದ ಇದ್ದ ಮೈಕೋ ಸ್ಪಾರ್ಕ್ ಪ್ಲಗ್ಗು ಯಾವ ಹಳ್ಳಿ ಅಂಗಡಿಯಲ್ಲೂ ಸಿಗುತ್ತಿತ್ತು, ಯಾವ ಹುಡುಗನೂ ಹಾಕುತ್ತಿದ್ದ. ಪೋಲೋ ಹಾಗಲ್ಲ. ಮಾವನ ಪ್ರಶ್ನೆಗೆ ಆಗ ನಕ್ಕೆವು. ಅದಕ್ಕೆ ಉತ್ತರ ಹುಡುಕುವುದರಲ್ಲೇ ಮುಂದಿನ ಹತ್ತು ವರ್ಷ ಹೋದವು.

ಸರ್ವೀಸು 15,000 ಕಿಲೋಮೀಟರಿಗೆ ಅಥವಾ ವರ್ಷಕ್ಕೆ ಒಮ್ಮೆ. ಮೊದಲ ಸಲ ಹೋದವರಿಗೆ ಅದು ಆಸ್ಪತ್ರೆಯೋ ಬ್ಯಾಂಕೋ ತಿಳಿಯುತ್ತಿರಲಿಲ್ಲ. ಗಾಜಿನ ಹಾಲು, ಎ.ಸಿ., ಕಾಫಿ ಮೆಷಿನ್ನು, ಟೈ ಕಟ್ಟಿದ ಸರ್ವೀಸ್ ಅಡ್ವೈಸರ್. ಆತ ಕಾರಿನ ಸುತ್ತ ನಡೆದು ಗೀರುಗಳನ್ನು ಬರೆದುಕೊಳ್ಳುತ್ತಾನೆ, ಜಾಬ್ ಕಾರ್ಡಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಕಾರು ಶಟರಿನ ಆಚೆ ಹೋಗುತ್ತದೆ. ರಾಣಿಗಂಜಿನ ಮೇಸ್ತ್ರಿ ಹತ್ತಿರವಾದರೆ ನಾವು ಸ್ಟೂಲು ಹಾಕಿಕೊಂಡು ಕೂತು, ತೆಗೆದ ಪಾರ್ಟು ಕೈಯಲ್ಲಿ ಹಿಡಿದು ನೋಡಿ, ಜಗಳ ಮಾಡಿ, ಚಹಾ ಕುಡಿದು ಬರುತ್ತೇವೆ. ಇಲ್ಲಿ ರಿಪೇರಿ ಮಾಡುವ ಕೈಯೂ ಕಾಣದು, ಕೆಟ್ಟ ಸಾಮಾನೂ ಕಾಣದು. ಮಧ್ಯಾಹ್ನ ನಾಲ್ಕಕ್ಕೆ ಫೋನು ಬರುತ್ತದೆ. "ಸಾರ್, ಥ್ರಾಟಲ್ ಬಾಡಿ ಕ್ಲೀನಿಂಗ್ ಚೇಸ್ತೇ ಮಂಚಿದಿ." ಬೇಡ ಎನ್ನಲು ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದವರು ಹೂಂ ಎನ್ನುತ್ತಾರೆ. ಎ.ಸಿ. ಶುದ್ಧೀಕರಣ, ಅಡಿಗೆ ಕೋಟಿಂಗು, ಅಲೈನ್‌ಮೆಂಟು, ಹೀಗೆ ಬೆಳಿಗ್ಗೆ ಏಳು ಸಾವಿರ ಅಂದದ್ದು ಸಂಜೆಗೆ ಹದಿನಾಲ್ಕು ಆಗಿರುತ್ತದೆ. ಅಡ್ವೈಸರ್ ಹುಡುಗನ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ. ತಿಂಗಳಿಗೆ ಇಷ್ಟು ಬಿಲ್ಲು ಮಾಡಬೇಕು ಅಂತ ಅವನ ತಲೆಯ ಮೇಲೂ ಕತ್ತಿ ಇರುತ್ತದೆ.

ನನಗೆ ಬಂದ ಪಾಳಿ 2013ರ ಒಂದು ಶುಕ್ರವಾರ. ಸರ್ವೀಸ್ ಸೆಂಟರಿನ ಹೆಸರು ಬೇಡ, ಊರಲ್ಲಿ ಅಂಥವು ಬೇಕಾದಷ್ಟಿವೆ. ಬೆಳಿಗ್ಗೆ ಕಾರು ಬಿಟ್ಟಿದ್ದೆ. ಮಧ್ಯಾಹ್ನ ತಂಗಿಯ ಫೋನು: ಅಪ್ಪಗ ಎದಿನೋವು, ದವಾಖಾನಿಗೆ ಹಾಕೇವಿ, ಲಗೂನ ಬಾ. ನಾನು ಓಡಿದೆ. ಕಾರು ಲಿಫ್ಟಿನ ಮೇಲಿದೆ, ಮುಂದಿನ ಎರಡೂ ಗಾಲಿ ಬಿಚ್ಚಿದ್ದಾರೆ. ನನ್ನನ್ನು ಕೇಳದೆಯೇ ಬ್ರೇಕ್ ಪ್ಯಾಡು, ಡಿಸ್ಕು ಎರಡೂ ಬದಲಾಯಿಸಬೇಕು ಎಂದು ಬರೆದಿದ್ದಾರೆ, ಸಾಮಾನು ಪುಣೆಯಿಂದ ಬರಬೇಕು, ಸೋಮವಾರ. "ಸೇಫ್ಟಿ ಇಶ್ಯೂ ಸಾರ್, ಹೀಗೇ ಕೊಡೋಕ್ಕಾಗಲ್ಲ" ಎನ್ನುವ ಅರ್ಥದಲ್ಲಿ ಅಡ್ವೈಸರ್ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದ. ನಾನು ಫೋನಿನಲ್ಲಿ ತಂಗಿಗೆ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಲಿಫ್ಟಿನ ಕೆಳಗಿದ್ದ ಮೆಕ್ಯಾನಿಕ್ಕಿನ ಕಿವಿಗೆ ಬಿತ್ತು. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಯಾ ಊರ್ರೀ ಸರ ನಿಮ್ದು?"

ಜಹೀರಾಬಾದ್ ಕಡೆಯ ಹುಡುಗ. ಗಡಿಯ ಆಚೆಯಿದ್ದರೂ ಜಹೀರಾಬಾದ್, ನಾರಾಯಣಖೇಡ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ ಇರುವವರು ಸಾಕಷ್ಟಿದ್ದಾರೆ. ದನಿ ತಗ್ಗಿಸಿ ಹೇಳಿದ: "ಹಳಿ ಪ್ಯಾಡ ಇನ್ನಾ ಅರ್ಧ ಅದಾವ್ರಿ. ಡಿಸ್ಕಿಗಿ ಏನೂ ಆಗಿಲ್ಲ. ನನಗ ಬ್ಯಾಡ ಅಂತ ಕಾರ್ಡ್ ಮ್ಯಾಲ ನೀವು ಬರದು ಸಹಿ ಮಾಡ್ರಿ, ಅರ್ಧ ತಾಸಿನಾಗ ಕೂಡ್ಸಿ ಕೊಡ್ತೀನಿ." ಬರೆದೆ. ಅಡ್ವೈಸರ್ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗ್ರಾಹಕರು ನಿರಾಕರಿಸಿದ್ದಾರೆ ಎಂದು ಇನ್ನೊಮ್ಮೆ ಬರೆದ. ಮುಸ್ಸಂಜೆಗೆ ಪಟಾನ್‌ಚೆರು ದಾಟಿದೆ, ರಾತ್ರಿ ಹನ್ನೊಂದಕ್ಕೆ ಗುಲ್ಬರ್ಗದ ಆಸ್ಪತ್ರೆಯಲ್ಲಿದ್ದೆ. ಅಪ್ಪ ಆ ಸಲ ಎದ್ದು ಕೂತರು. ಅದೇ ಪ್ಯಾಡಿನ ಮೇಲೆ ಕಾರು ಇನ್ನೂ ಹನ್ನೊಂದು ಸಾವಿರ ಕಿಲೋಮೀಟರ್ ಓಡಿತು.

ಇದು ಒಬ್ಬನ ಗೋಳಲ್ಲ ಅನ್ನೋದು ಮುಂದಿನ ವರ್ಷ ಗೊತ್ತಾಯಿತು. 2011ರ ಜನವರಿಯಲ್ಲೇ ಒಬ್ಬ ಗ್ರಾಹಕರು ದಿಲ್ಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ದರು: ಕಾರಿನ ಅಸಲಿ ಬಿಡಿಭಾಗ, ದೋಷ ಹುಡುಕುವ ಉಪಕರಣ ಯಾವುದನ್ನೂ ಹೊರಗಿನ ಗ್ಯಾರೇಜಿಗೆ ಕೊಡುವುದಿಲ್ಲ, ಹಾಗಾಗಿ ಹೇಳಿದ ಬೆಲೆಗೆ ಕೊಳ್ಳಬೇಕು ಎಂದು. ದೂರಿನಲ್ಲಿದ್ದವು ಮೂರೇ ಹೆಸರು, ಹೋಂಡಾ, ಫೋಕ್ಸ್‌ವ್ಯಾಗನ್, ಫಿಯಟ್. ತನಿಖೆ ಮಾಡುತ್ತ ಹೋದಂತೆ ಮಾರುತಿ, ಟಾಟಾ, ಮಹೀಂದ್ರಾ ಹೀಗೆ ಇನ್ನೂ ಹಲವು ಹೆಸರು ಸೇರಿದವು. 2014ರ ಆಗಸ್ಟ್ 25ರಂದು ಆಯೋಗ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಇಲ್ಲ ಅನ್ನಬೇಡಿ ಎಂದಿತು. ಕೆಲವು ಬಿಡಿಭಾಗಗಳ ಮೇಲೆ ನೂರು ಪರ್ಸೆಂಟಿನಿಂದ ಹಿಡಿದು ಐದು ಸಾವಿರ ಪರ್ಸೆಂಟಿನ ತನಕ ಲಾಭ ಹಾಕಿದ್ದಾರೆ ಎಂದೂ ಆ ಆದೇಶದಲ್ಲಿದೆ. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಹೋದವು, ವರ್ಷಗಟ್ಟಲೆ ಎಳೆದಾಡಿದವು. ಸಾಮಾನ್ಯ ಕಾರಿನವನಿಗೆ ಮರುದಿನವೇ ಏನೂ ಬದಲಾಗಲಿಲ್ಲ, ನಿಜ. ಆದರೆ ನನ್ನ ಲೆಕ್ಕದಲ್ಲಿ ನಮ್ಮ ದೇಶದ ಕಾರುಗಳ ಚರಿತ್ರೆಯಲ್ಲಿ ಹೊಸ ಮಾಡೆಲ್ಲುಗಳ ಬಿಡುಗಡೆಗಿಂತ ಇದು ದೊಡ್ಡ ದಿನ.

ಆಯೋಗ ಹೇಳುವ ಮೊದಲೇ ಜನ ದಾರಿ ಕಂಡುಕೊಂಡಿದ್ದರು ಬಿಡಿ. ಫೋಕ್ಸ್‌ವ್ಯಾಗನ್ ಕಾರಿನ ಕಂಪ್ಯೂಟರನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಓದುವ ವಿ.ಸಿ.ಡಿ.ಎಸ್. ಎಂಬ ತಂತ್ರಾಂಶ, ಅದರ ಜೊತೆಗೊಂದು ಕೇಬಲ್ಲು, ಅಮೆರಿಕದ ಸಣ್ಣ ಕಂಪನಿಯೊಂದು ಮಾಡಿದ್ದು. ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಯಾವ ಸೆನ್ಸರ್ ದೂರು ಹೇಳುತ್ತಿದೆ ಎಂದು ತೋರಿಸುತ್ತದೆ. ಹತ್ತು ಜನ ಸೇರಿ ಒಂದು ಕೇಬಲ್ಲು ಇಟ್ಟುಕೊಂಡಿದ್ದ ಗುಂಪುಗಳು ಹೈದರಾಬಾದಿನಲ್ಲಿದ್ದವು. ಮಿಯಾಪುರದಿಂದ ಉಪ್ಪಲ್ ತನಕ ಆ ಕೇಬಲ್ಲು ಹೆಣ್ಣು ನೋಡಲು ಹೋದ ಹಾಗೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಬಿಲ್ಲಿನಲ್ಲಿ ಇಪ್ಪತ್ತು ಸಾವಿರದ ಪಾರ್ಟು ಎಂದಿದ್ದದ್ದು ಒಂದು ಸಡಿಲ ಕನೆಕ್ಟರ್ ಎಂದು ಗೊತ್ತಾದಾಗಿನ ಖುಷಿ ಕೇಬಲ್ಲು ಹಿಡಿದವರಿಗೇ ಗೊತ್ತು.

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಳ್ಳಾಟ ಬಯಲಿಗೆಳೆಯಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಉಸಿರಾಡುವ ತಂತ್ರಾಂಶ, ಜಗತ್ತಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಕಾರುಗಳಲ್ಲಿ. ಡಿಸೆಂಬರಿನಲ್ಲಿ ಭಾರತದಲ್ಲೂ 3,23,700 ಕಾರುಗಳನ್ನು ವಾಪಸು ಕರೆಸಿ ಸರಿಪಡಿಸುವುದಾಗಿ ಕಂಪನಿ ಹೇಳಿತು. ನಮ್ಮ ಅಪಾರ್ಟ್‌ಮೆಂಟಿನ ಮೈಸೂರಿನವರೊಬ್ಬರ ಪೋಲೋ ಡೀಸೆಲ್ಲು. "ಅಲ್ಲಾ ರೀ, ಅಮೆರಿಕದವರ ಕಾರನ್ನ ದುಡ್ಡು ಕೊಟ್ಟು ವಾಪಸ್ ತಗೋತಾರಂತೆ, ನಮಗೆ ಬರೀ ಸಾಫ್ಟ್‌ವೇರಾ?" ಎಂದು ಅವರು ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ಕೇಳೋರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ವಿಧಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಲವಂತದ ಕ್ರಮಕ್ಕೆ ತಡೆ ಕೊಟ್ಟಿತು. ಮೈಸೂರಿನವರಿಗೆ ಅದರಿಂದ ಬಂದದ್ದು ಏನೂ ಇಲ್ಲ.

ಏರ್‌ಬ್ಯಾಗಿನ ವಿಷಯ ಇನ್ನೊಂದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗಿಲ್ಲದ ಪೋಲೋಗೆ ಸೊನ್ನೆ ನಕ್ಷತ್ರ, ಎರಡು ಏರ್‌ಬ್ಯಾಗಿನ ಪೋಲೋಗೆ ನಾಲ್ಕು. ಆಮೇಲೆ ಎಲ್ಲ ಪೋಲೋಗಳಿಗೂ ಎರಡು ಏರ್‌ಬ್ಯಾಗ್ ಕಡ್ಡಾಯ ಮಾಡಿದರು. ಈ ಒಂದು ವಿಷಯದಲ್ಲಿ ಕಂಪನಿಯನ್ನು ಮೆಚ್ಚಬೇಕು, ಕಾನೂನು ಬರುವವರೆಗೆ ಕಾಯಲಿಲ್ಲ.

ಅಷ್ಟರಲ್ಲಿ ನಾನು ಕೂತಲ್ಲೇ ರಾಜ್ಯ ಬದಲಾಯಿತು. 2014ರ ಜೂನ್‌ನಿಂದ ಹೊಸ ಗಾಡಿಗಳಿಗೆ ಟಿ.ಎಸ್., 2024ರ ಮಾರ್ಚಿನಿಂದ ಟಿ.ಜಿ. ನನ್ನ ಕಾರಿನ ಹಣೆಯ ಮೇಲೆ ಎ.ಪಿ.ಯೇ ಉಳಿಯಿತು. ಕರ್ನಾಟಕಕ್ಕೆ ಹೋದರೆ ಇನ್ನೊಂದು ತಾಪತ್ರಯ. ಹೊರರಾಜ್ಯದ ಗಾಡಿ ಮೂವತ್ತು ದಿನ ಮೀರಿ ಇದ್ದರೆ ಜೀವಮಾನ ತೆರಿಗೆ ಕಟ್ಟಬೇಕು ಎಂದು 2014ರಲ್ಲಿ ನಮ್ಮ ಸರ್ಕಾರ ನಿಯಮ ತಂದಿತು, 2016ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆ ಎರಡು ವರ್ಷ ಅಪ್ಪನನ್ನು ನೋಡಲು ಹೋಗುವಾಗೆಲ್ಲ ಟೋಲ್ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆ. ನನ್ನೂರಿಗೆ ನಾನು ಯಾವಾಗ ಬಂದೆ ಎಂಬುದಕ್ಕೆ ಪುರಾವೆ ಬೇಕಲ್ಲ!

2020ರ ಏಪ್ರಿಲಿನಲ್ಲಿ ಬಿ.ಎಸ್. 6 ಬಂದಾಗ ಡೀಸೆಲ್ ಪೋಲೋ ನಿಂತಿತು. 2022ರಲ್ಲಿ ಪೆಟ್ರೋಲಿನದ್ದೂ ನಿಂತಿತು. ಕೊನೆಗೆ 'ಲೆಜೆಂಡ್' ಎಂದು ಹೆಸರಿಟ್ಟು 700 ಕಾರು ಮಾರಿದರು. ಹೊಸ ವರ್ಟಸ್, ಟೈಗುನ್‌ಗಳು ಬಂದಿವೆ, ಆ ಬೆಲೆಯ ಸಣ್ಣ ಕಾರು ಮಾತ್ರ ಈ ಕಂಪನಿಯಿಂದ ಮತ್ತೆ ಬಂದಿಲ್ಲ. ಹೊಸ ಬಿಡಿಭಾಗಕ್ಕೆ ಕಾಯುವ ಬದಲು ರಾಣಿಗಂಜು, ಪುತ್ಲಿಬೌಲಿಯ ಅಂಗಡಿಗಳಲ್ಲಿ ಹುಡುಕುವುದು ಈಗ ರೂಢಿ.

ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣದ ಕಾಲ ಬಂತು, 5,000 ರೂಪಾಯಿ ಶುಲ್ಕ. ಜಹೀರಾಬಾದಿನ ಆ ಹುಡುಗ ಗಾಜಿನ ಹಾಲು ಬಿಟ್ಟು ಎಷ್ಟೋ ವರ್ಷವಾಗಿ ಹೆದ್ದಾರಿಯ ಪಕ್ಕ ತಗಡಿನ ಶೆಡ್ಡು ಹಾಕಿದ್ದಾನೆ, ಗೋಡೆಗೆ ಒಂದು ಹಳೆಯ ಲ್ಯಾಪ್‌ಟಾಪು, ಕೇಬಲ್ಲು ತೂಗುಹಾಕಿದ್ದಾನೆ. ತಪಾಸಣೆಗೆ ಹೋಗುವ ಮೊದಲು ಕಾರು ಅವನಿಗೇ ತೋರಿಸಿದೆ. ಕೆಳಗೆ ತೂರಿ ಟಾರ್ಚು ಹಾಕಿ ನೋಡಿದ. "ಲೋವರ್ ಆರ್ಮಿನ ಬುಷ್ ಹೋಗ್ಯಾವ್ರಿ ಸರ, ಹಾಕಲೇಬೇಕು. ಈ ಸಲ ಬ್ಯಾಡ ಅಂದ್ರ ನಾ ಕೇಳಂಗಿಲ್ಲ" ಅಂದ. ಹಾಕಿಸಿದೆ.