ಬೆಂಗಳೂರು ನಗರದಲ್ಲಿ ಮನೋವ್ಯಥೆಯ ಚಿಕಿತ್ಸೆ

ಬೆಂಗಳೂರಿನಲ್ಲಿ ಮನೋರೋಗಿಗಳಿಗೆ ಪ್ರತ್ಯೇಕವಾದ ಆಲಯವು ಮೊದಲಾದುದು ಕ್ರಿ. ಶ. ೧೮೪೭ರಲ್ಲಿ ಎಂಬುದು ಪ್ರಸಿದ್ಧವಾದ ಸಂಗತಿ. ಆದರೆ ಈ ವರ್ಷವು ಒಂದು ಪ್ರಶ್ನೆಗೆ ಮಾತ್ರ ಉತ್ತರವಾಗಬಲ್ಲುದು. ಉನ್ಮತ್ತನಾದವನನ್ನು ಇತರರು ಹಿಡಿದು ತಂದು ಬಿಡುವ ಮನೆ ಎಂದಿನಿಂದ ಉಂಟು ಎಂಬುದು ಆ ಪ್ರಶ್ನೆ. ಬುದ್ಧಿ ಸ್ತಿಮಿತದಲ್ಲಿದ್ದರೂ ನಿದ್ರೆ ಬಾರದೆ, ಕಾರಣವರಿಯದ ಭಯದಿಂದ ಎದೆ ನಡುಗಿ, ಯಾವುದರಲ್ಲಿಯೂ ರುಚಿಯಿಲ್ಲದೆ ಬಳಲುತ್ತಿರುವವನು ತಾನಾಗಿ ನಡೆದು ಬಂದು ಸಹಾಯ ಕೇಳಬಹುದಾದ ಬಾಗಿಲು ಎಂದು ತೆರೆಯಿತು ಎಂಬುದು ಬೇರೆಯೇ ಒಂದು ಪ್ರಶ್ನೆ. ಇವೆರಡರ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆಯೆಂದೂ, ಬಾಗಿಲು ತೆರೆದ ಮೇಲೆಯೂ ಅದನ್ನು ಹೊಗುವವನನ್ನು ತಡೆದು ನಿಲ್ಲಿಸುತ್ತ ಬಂದಿರುವುದು ಬಹುಮಟ್ಟಿಗೆ ಒಂದು ಹೆಸರೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಶಬ್ದಗಳ ವಿಚಾರ. ಇಂದು ನಾವು ‘ಆತಂಕ’, ‘ಖಿನ್ನತೆ’ ಎಂಬ ಎರಡು ಮಾತುಗಳನ್ನು ವೈದ್ಯಶಾಸ್ತ್ರದ ಪಾರಿಭಾಷಿಕಗಳಾಗಿ ಬಳಸುತ್ತಿದ್ದೇವೆ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ‘ಆತಂಕ’ವು ರೋಗವೆಂಬುದಕ್ಕೆ ಹೇಳಿರುವ ಪರ್ಯಾಯಪದಗಳಲ್ಲಿ ಒಂದು, ಅಲ್ಲಿ ಅದು ಮನಸ್ಸಿಗೆ ಮಾತ್ರ ಸಂಬಂಧಿಸಿದುದಲ್ಲ. ಕನ್ನಡದಲ್ಲಿಯಾದರೋ ಅದು ‘ಅಡ್ಡಿ ಆತಂಕ’ ಎಂಬ ಜೋಡುನುಡಿಯಲ್ಲಿ ವಿಘ್ನವೆಂಬ ಅರ್ಥದಲ್ಲಿ ನೆಲಸಿತು. ಒಳಗಿನ ಬೇಗೆಯನ್ನು ಹೇಳುವುದಕ್ಕೆ ನಮ್ಮ ಜನರಿಗೆ ಕಳವಳ, ತಳಮಳ, ಬೇಗುದಿ, ದುಗುಡ ಎಂಬ ಮಾತುಗಳಿದ್ದುವು. ಇವು ಅನುಭವವನ್ನು ಹೇಳುವ ಮಾತುಗಳೇ ಹೊರತು ರೋಗದ ಹೆಸರುಗಳಲ್ಲ. ದುಗುಡವೆಂದರೆ ಮನೆಯ ಹಿರಿಯರು ಸಂತೈಸಬೇಕಾದುದು, ದೇವರಲ್ಲಿ ಹೇಳಿಕೊಳ್ಳಬೇಕಾದುದು. ವೈದ್ಯನ ಬಳಿಗೆ ಒಯ್ಯಬೇಕಾದುದಲ್ಲ. ರೋಗವೆಂದು ಗಣಿಸಲ್ಪಟ್ಟುದು ಹುಚ್ಚು ಒಂದೇ.

ಶಾಸ್ತ್ರದಲ್ಲಿ ಇಷ್ಟು ಸಂಕೋಚವಿರಲಿಲ್ಲ. ಚರಕನು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವನ್ನು ಮೂರನೆಯದಾಗಿ ಎಣಿಸಿದ್ದಾನೆ. ರೋಗವನ್ನು ಬೆಳೆಯಿಸುವ ಕಾರಣಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನವನ್ನು ಕೊಟ್ಟಿದ್ದಾನೆ. ಪ್ರಿಯವಾದುದನ್ನು ಕಳೆದುಕೊಂಡು ಮನಸ್ಸು ಕೆಟ್ಟವನಿಗೆ ಸಾಂತ್ವನ, ಆಶ್ವಾಸನಗಳೇ ಔಷಧವೆಂದು ಉನ್ಮಾದಚಿಕಿತ್ಸೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ರೋಗಿಯನ್ನು ಕಟ್ಟಿಹಾಕುವ, ಹೆದರಿಸುವ ಉಪಾಯಗಳೂ ಹೇಳಲ್ಪಟ್ಟಿವೆಯೆಂಬುದನ್ನು ಮರೆಮಾಚಲಾಗದು. ಸಂತೈಸುವಿಕೆ, ಸೆರೆಯಿಡುವಿಕೆ ಎಂಬ ಈ ಎರಡು ಕೈಗಳಲ್ಲಿ ಯಾವುದು ಮುಂದಾಯಿತು, ಯಾವುದು ಹಿಂದಾಯಿತು ಎಂಬುದೇ ಮುಂದಿನ ಚರಿತ್ರೆಯೆಲ್ಲ.

೨

೧೮೪೭ರಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ಮಾರ್ಕ್ ಕಬ್ಬನ್ ಅಂದಿನ ಕಮಿಷನರು. ಕಮಿಷನ್ನಿನ ವೈದ್ಯನಾಗಿದ್ದ ಡಾಕ್ಟರ್ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬವನ ಪ್ರಯತ್ನದಿಂದ ಬೆಂಗಳೂರಿನ ‘ಲ್ಯುನಾಟಿಕ್ ಅಸೈಲಂ’ ಸ್ಥಾಪಿತವಾಯಿತು. ಆ ಕಾಲದ ಇಂತಹ ಆಲಯಗಳಲ್ಲಿ ರೋಗಿಗಳನ್ನು ಮೇನಿಯಾ, ಮೆಲಂಕೋಲಿಯಾ, ಡಿಮೆನ್ಷಿಯಾ ಎಂದು ವಿಂಗಡಿಸುವುದು ವಾಡಿಕೆ. ಮೆಲಂಕೋಲಿಯಾ ಎಂಬುದು ತೀವ್ರವಾದ ಖಿನ್ನತೆಯೇ ಸರಿ. ಆದರೆ ಅನ್ನನೀರು ಬಿಟ್ಟು, ಮಾತು ನಿಂತು, ಮನೆಯವರಿಗೆ ದಿಕ್ಕು ತೋರದಂತಾದಾಗಲೇ ಅಂತಹ ರೋಗಿಯು ಆಲಯವನ್ನು ಸೇರುತ್ತಿದ್ದನು. ಪೋಲೀಸರೋ ಮ್ಯಾಜಿಸ್ಟ್ರೇಟರೋ ಬಂಧುಗಳೋ ಅವನನ್ನು ಕರೆತರುವವರು. ಅವನ ಇಷ್ಟವನ್ನು ಕೇಳುವ ಪ್ರಸಕ್ತಿಯೇ ಇಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ೧೯೧೨ರಲ್ಲಿ ಆದ ಲ್ಯುನಸಿ ಶಾಸನವು, ಚಿಕಿತ್ಸೆಗೆ ತಾನಾಗಿ ಒಳಪಡಲಿಚ್ಛಿಸುವವನನ್ನು ಇಬ್ಬರು ಸಂದರ್ಶಕರ ಒಪ್ಪಿಗೆಯಿಂದ ಸೇರಿಸಿಕೊಳ್ಳಬಹುದೆಂದು ವಿಧಿಸಿತು. ಬಂದವನೇ ಬೇಡಿದರೂ ಇತರರ ಒಪ್ಪಿಗೆ ಬೇಕಾಗಿದ್ದಿತೆಂಬುದು ಗಮನಿಸತಕ್ಕ ವಿಷಯ.

೧೯೨೫ರಲ್ಲಿ ಮೈಸೂರು ಸರ್ಕಾರವು ಅಸೈಲಮ್ಮಿನ ಹೆಸರನ್ನು ತೆಗೆದು ‘ಮೆಂಟಲ್ ಆಸ್ಪತ್ರೆ’ ಎಂದು ಹೆಸರಿಟ್ಟಿತು. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ಇಟ್ಟುಕೊಳ್ಳುವ ಮನೆಯು ಗುಣಪಡಿಸುವ ಮನೆಯಾಗಬೇಕೆಂಬ ಸಂಕಲ್ಪ ಅದರಲ್ಲಿದ್ದಿತು. ಇದರ ಹಿಂದಿನ ವರ್ಷವೇ, ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವು ಆರಂಭವಾಗಿದ್ದಿತು. ೧೯೩೦ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಆಸ್ಪತ್ರೆಯು ಪೇಟೆಯ ಬಳಿಯಿಂದ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು. ಅದಕ್ಕಾಗಿ ಶ್ರಮಿಸಿದವರು ಡಾಕ್ಟರ್ ಫ್ರಾಂಕ್ ನರೋನ್ಹಾ. ಅವರ ಬಳಿಕ ಬಂದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಯೂರೋಪಿನಲ್ಲಿ ಆಗತಾನೆ ಹುಟ್ಟಿದ್ದ ಇನ್ಸುಲಿನ್, ಕಾರ್ಡಿಯಜೋಲ್, ವಿದ್ಯುತ್ ಚಿಕಿತ್ಸೆಗಳನ್ನು ಇಲ್ಲಿ ಬಳಕೆಗೆ ತಂದರು.

೩

ಇಷ್ಟಾದರೂ ಇದು ಒಳಗೆ ಸೇರಿದವರ ಚಿಕಿತ್ಸೆ. ದೇಶದಲ್ಲಿ ಅಂತಹವರಿಗೇ ಸ್ಥಳವಿರಲಿಲ್ಲ: ೧೯೪೬ರ ಭೋರ್ ಸಮಿತಿಯ ವರದಿಯಂತೆ ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನರಿಗೆ ಮನೋರೋಗದ ಹಾಸಿಗೆಯೊಂದಿದ್ದರೆ ಭಾರತದಲ್ಲಿ ಸುಮಾರು ೪೦,೦೦೦ ಜನರಿಗೆ ಒಂದು. ಹೊರಗಿನಿಂದ ಬಂದು, ಹೇಳಿಕೊಂಡು, ಔಷಧವನ್ನೋ ಸಲಹೆಯನ್ನೋ ಪಡೆದು ಸಂಜೆಗೆ ಮನೆಗೆ ಮರಳುವ ಕ್ರಮಕ್ಕೆ ದಾರಿ ಮಾಡಿದುದು ಕಲ್ಕತ್ತಾ ನಗರ. ೧೯೨೨ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬೋಸರು ೧೯೩೩ರಲ್ಲಿ ಅಲ್ಲಿನ ಕಾರ್ಮೈಕೇಲ್ ವೈದ್ಯಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗದ ಹೊರರೋಗಿ ವಿಭಾಗವನ್ನು ತೆರೆದರು. ಜ್ವರಕ್ಕೂ ಕೆಮ್ಮಿಗೂ ಬರುವವರ ಸಾಲಿನಲ್ಲಿಯೇ ಮನೋವ್ಯಥೆಯವನೂ ನಿಲ್ಲಬಹುದೆಂಬುದು ಇದರಿಂದ ಸಿದ್ಧವಾಯಿತು.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಪ್ರತ್ಯೇಕವಾದ ಶಿಕ್ಷಣಕ್ರಮಗಳು ಮೊದಲಾದುವು. ಮಾತಿನಿಂದ ಚಿಕಿತ್ಸೆ ಮಾಡುವುದನ್ನು ವೃತ್ತಿಯಾಗಿ ಕಲಿತವರು ನಮ್ಮ ದೇಶಕ್ಕೆ ದೊರೆಯತೊಡಗಿದುದು ಇಂತಹ ಶಿಕ್ಷಣದಿಂದ. ೧೯೫೦ರ ದಶಕದಲ್ಲಿಯೇ ಖಿನ್ನತೆಗೆ ತಕ್ಕ ಮಾತ್ರೆಗಳು ಯೂರೋಪು ಅಮೆರಿಕಗಳಲ್ಲಿ ಬಂದುವು. ಮಾತು, ಮಾತ್ರೆ ಇವೆರಡೂ ಕೂಡಿದ ಮೇಲೆಯೇ ತಾನಾಗಿ ಬರುವ ರೋಗಿಗೆ ಕೊಡತಕ್ಕುದು ಏನಾದರೂ ಇದೆಯೆಂದಾಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ‘ನಿಮ್ಹಾನ್ಸ್’ ಎಂಬ ಹೆಸರು ಬಂದಿತು.

೪

ಹೀಗೆ ಬಾಗಿಲು ತೆರೆಯಿತು. ಆದರೆ ಊರಿನ ಮಾತಿನಲ್ಲಿ ಏನಾಯಿತು? ಅಸೈಲಂ ಮೆಂಟಲ್ ಆಸ್ಪತ್ರೆಯಾದಾಗ ‘ಮೆಂಟಲ್’ ಎಂಬುದೇ ಬೈಗುಳವಾಯಿತು. ಮೆಂಟಲ್ ಆಸ್ಪತ್ರೆಯು ನಿಮ್ಹಾನ್ಸ್ ಆದಾಗ, ಗೆಳೆಯರೊಳಗಿನ ಪರಿಹಾಸ್ಯಕ್ಕೆ ಆ ಹೆಸರೇ ಸಾಕಾಯಿತು. ಸರ್ಕಾರವು ಹೆಸರನ್ನು ಬದಲಾಯಿಸಿದಂತೆಲ್ಲ ಕಳಂಕವು ಹಿಂದೆಯೇ ನಡೆದು ಬಂದು ಹೊಸ ಹೆಸರನ್ನು ಹಿಡಿಯಿತು. ಆದುದರಿಂದ ಅಳುಕಿನ ಮೂಲವು ಫಲಕದಲ್ಲಿರಲಿಲ್ಲವೆಂದು ತಿಳಿಯಬೇಕಾಗಿದೆ.

ಈ ವಿಷಯವನ್ನು ವೈದ್ಯರಿಗಿಂತ ಚೆನ್ನಾಗಿ ಕಂಡವರು ನಮ್ಮ ಕಾದಂಬರಿಕಾರರೊಬ್ಬರು. ಬಿ. ಎಂ. ಶ್ರೀಕಂಠಯ್ಯನವರ ಬಂಧುವಾದ ತ್ರಿವೇಣಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು. ಅವರ ‘ಶರಪಂಜರ’ದಲ್ಲಿ, ಹೆರಿಗೆಯ ಬಳಿಕ ಬುದ್ಧಿ ಕದಡಿದ ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ವೈದ್ಯನು ಗುಣವಾಯಿತೆಂದುದನ್ನು ಗಂಡನೂ ನೆರೆಯವರೂ ಒಪ್ಪುವುದಿಲ್ಲ; ಅವಳ ಸಹಜವಾದ ಕೋಪವೂ ಅಳುವೂ ರೋಗದ ಗುರುತುಗಳಾಗಿ ಎಣಿಸಲ್ಪಡುತ್ತವೆ. ಚಿಕಿತ್ಸೆಯನ್ನು ಪಡೆದುದೇ ಅವಳ ಅಪರಾಧವಾಗುತ್ತದೆ. ಹೀಗಿರುವಲ್ಲಿ, ಬರಿಯ ದುಗುಡದಿಂದ ಬಳಲುವವನು ಆ ಬಾಗಿಲಿನ ಕಡೆಗೆ ಏತಕ್ಕೆ ನಡೆದಾನು? ಅವನು ನಿದ್ರೆಯಿಲ್ಲವೆಂದೋ ಎದೆ ಹೊಡೆದುಕೊಳ್ಳುತ್ತದೆಂದೋ ಕೈಕಾಲು ನಿತ್ರಾಣವೆಂದೋ ಹೇಳಿಕೊಂಡು ಬೇರೆ ವೈದ್ಯರ ಬಳಿಗೆ ಹೋಗುತ್ತಾನೆ. ಅದು ಸುಳ್ಳಲ್ಲ, ಗೌರವಕ್ಕೆ ಕುಂದಿಲ್ಲದೆ ಹೇಳಬಹುದಾದುದು ಅಷ್ಟೇ.

ಮತ್ತೊಂದು ಮಾರ್ಗವನ್ನು ಹಿಡಿದವರು ‘ಕೊರವಂಜಿ’ಯ ಡಾಕ್ಟರ್ ಎಂ. ಶಿವರಾಂ, ಎಂದರೆ ವಾಚಕರಿಗೆ ಪರಿಚಿತರಾದ ‘ರಾಶಿ’. ಮನಸ್ಸಿನ ವ್ಯಾಪಾರವನ್ನು ಕನ್ನಡದಲ್ಲಿ ವಿವರಿಸಿದ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅನಂತರ ನಿಮ್ಹಾನ್ಸಿನ ವೈದ್ಯರಾದ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಈ ವಿಷಯದಲ್ಲಿ ಕನ್ನಡದ ಅನೇಕಾನೇಕ ಪುಸ್ತಕಗಳನ್ನು ಬರೆದರು. ಆಸ್ಪತ್ರೆಯ ಮೆಟ್ಟಿಲು ಹತ್ತಲಾರದವನು ಗುಟ್ಟಾಗಿ ಪುಸ್ತಕವನ್ನಾದರೂ ಓದಬಹುದು. ತನ್ನ ಬೇಗುದಿಗೆ ಹೆಸರುಂಟು, ಇತರರಿಗೂ ಅದುಂಟು ಎಂದರಿತುಕೊಳ್ಳುವುದು ಚಿಕಿತ್ಸೆಯ ಮೊದಲ ಮೆಟ್ಟಿಲು.

೫

೧೯೪೧ರ ಜನಗಣತಿಯಲ್ಲಿ ಸುಮಾರು ೪ ಲಕ್ಷ ಜನರಿದ್ದ ಬೆಂಗಳೂರು ೨೦೧೧ರ ವೇಳೆಗೆ ೮೪ ಲಕ್ಷವನ್ನು ಮುಟ್ಟಿತು. ದುಗುಡವನ್ನು ಕೇಳುತ್ತಿದ್ದ ಹಿರಿಯರು ಊರಿನಲ್ಲಿ ಉಳಿದು, ದುಡಿಯುವವರು ನಗರಕ್ಕೆ ಬಂದರು. ಸಂತೈಸುವ ಹಳೆಯ ಕೈ ದೂರವಾಯಿತು. ೨೦೧೫–೧೬ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ (ಕರ್ಣಾಟಕವು ಅವುಗಳಲ್ಲೊಂದಲ್ಲ) ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮನೋವ್ಯಾಧಿಯಿರುವುದು ಕಂಡುಬಂದಿತು; ಗ್ರಾಮಗಳಿಗಿಂತ ಮಹಾನಗರಗಳಲ್ಲಿ ಅದರ ಪ್ರಮಾಣ ಅಧಿಕ. ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು ೮೫ ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು.

ಶಾಸನವು ತನ್ನ ದಾರಿಯನ್ನು ನಡೆದಿದೆ. ೧೯೧೨ರ ಶಾಸನಕ್ಕೆ ಬದಲಾಗಿ ೧೯೮೭ರದೂ, ಅದಕ್ಕೆ ಬದಲಾಗಿ ೨೦೧೭ರದೂ ಬಂದುವು. ಈ ಕಡೆಯದರಲ್ಲಿ ಚಿಕಿತ್ಸೆಯು ಪ್ರಜೆಯ ಹಕ್ಕು; ತನ್ನ ಇಚ್ಛೆಯಿಂದ ಬರುವವನೇ ಮುಖ್ಯ, ಇತರರು ಕರೆತರುವುದು ಅಪವಾದ. ಬಿ. ಟಿ. ಎಂ. ಬಡಾವಣೆಯಲ್ಲಿ ನಿಮ್ಹಾನ್ಸ್ ತೆರೆದಿರುವ ಯೋಗಕ್ಷೇಮ ಕೇಂದ್ರವು ಹಳೆಯ ಆವರಣದಿಂದ ಹೊರಗೆ, ಸಂಸಾರಸ್ಥರ ಮನೆಗಳ ನಡುವೆ ಇರುವುದು ಆಕಸ್ಮಿಕವಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. ಅಲ್ಲಿ ಮೆಟ್ಟಿಲೂ ಇಲ್ಲ, ಫಲಕವೂ ಇಲ್ಲ.

ಒಟ್ಟಿನಲ್ಲಿ ೧೮೪೭ರ ಗೋಡೆಯು ಮೆಲ್ಲಮೆಲ್ಲನೆ ಬಾಗಿಲಾಗಿ, ಬಾಗಿಲು ಈಗ ಒಂದು ದನಿಯಾಗಿ ಪರಿಣಮಿಸಿದೆ. ಈ ಚಿಕಿತ್ಸೆಯಲ್ಲಿ ಮಾತೇ ಉಪಕರಣವಾದುದರಿಂದ ಉಳಿದ ಕೆಲಸದಲ್ಲಿ ಭಾಷೆಯನ್ನು ಕಲಿಸುವವರ ಪಾಲೂ ಇದೆ. ‘ಖಿನ್ನತೆ’ಯು ಪುಸ್ತಕದ ಮಾತಾಗಿಯೂ ‘ಹುಚ್ಚು’ ಬೀದಿಯ ಮಾತಾಗಿಯೂ ಉಳಿದಿರುವವರೆಗೆ, ಇವೆರಡರ ನಡುವೆ ಬಳಲುವವನಿಗೆ ತನ್ನನ್ನು ಹೇಳಿಕೊಳ್ಳಲು ಮಾತಿಲ್ಲ. ಆ ನಡುವಣ ಮಾತುಗಳು, ಕಳವಳ, ದುಗುಡ, ಬೇಗುದಿ, ನಮ್ಮಲ್ಲಿ ಹಿಂದಿನಿಂದಲೂ ಇವೆ. ಅವನ್ನು ನಾಚಿಕೆಯಿಲ್ಲದೆ ವೈದ್ಯನ ಮುಂದೆ ಆಡುವ ಅಭ್ಯಾಸವೊಂದೇ ಇನ್ನೂ ಹೊಸದು.