ಹಳೆಯ ಕೀಲಿಮಣೆಗಳೂ ಲಿನಕ್ಸ್ ವ್ಯವಸ್ಥೆಯೂ: ಸಂಕೇತಸಂಖ್ಯೆಗಳು ಹೇಳುವ ಇತಿಹಾಸ

1

ಗಣಕಯಂತ್ರಗಳ ಇತಿಹಾಸವನ್ನು ಬರೆಯುವವರು ಅವುಗಳ ವೇಗ, ಸ್ಮೃತಿಸಾಮರ್ಥ್ಯ ಮೊದಲಾದವನ್ನು ಕುರಿತು ವಿಸ್ತಾರವಾಗಿ ವಿವೇಚಿಸುವುದುಂಟು. ಆದರೆ ಮನುಷ್ಯನ ಕೈ ದಿನವೂ ಮುಟ್ಟುವ ಕೀಲಿಮಣೆ ಹಾಗೂ ಮೌಸುಗಳ ವಿಷಯ ಬಂದಾಗ ಎರಡು ಮಾತುಗಳಲ್ಲಿ ಮುಗಿಸಿಬಿಡುವುದೇ ವಾಡಿಕೆ. ಯಂತ್ರ ಹಳತಾದರೆ ಅದನ್ನು ಬದಲಾಯಿಸಬಹುದು. ಬೆರಳಿಗೆ ಅಂಟಿದ ಅಭ್ಯಾಸವನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ. ಆದುದರಿಂದಲೇ ಕಳೆದ ಶತಮಾನದ ವರ್ಕ್‌ಸ್ಟೇಷನ್ ಕೀಲಿಮಣೆಗಳನ್ನು ಲಿನಕ್ಸ್ ವ್ಯವಸ್ಥೆಗೆ ಹೊಂದಿಸಿಕೊಂಡು ಬಳಸುವವರು ಇಂದಿಗೂ ಇದ್ದಾರೆ. ಅವರ ಈ ಕೆಲಸ ಕೇವಲ ಹವ್ಯಾಸವೆಂದು ಮೇಲುನೋಟಕ್ಕೆ ತೋರಬಹುದು. ಅದರಲ್ಲಿ ಇತಿಹಾಸದ ವಿದ್ಯಾರ್ಥಿಗೆ ಉಪಯುಕ್ತವಾದ ಸಾಕ್ಷ್ಯ ಅಡಗಿದೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವರ್ಕ್‌ಸ್ಟೇಷನ್ ಎಂದರೆ ಮನೆಯ ಅಥವಾ ಕಛೇರಿಯ ಸಾಮಾನ್ಯ ಗಣಕಕ್ಕಿಂತ ಹೆಚ್ಚು ಶಕ್ತಿಯುಳ್ಳ, ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಉದ್ದೇಶಿಸಿದ ಯಂತ್ರ. 1980ರ ದಶಕದಲ್ಲಿ ಇಂತಹ ಯಂತ್ರಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ 1982ರಲ್ಲಿ ಸ್ಥಾಪಿತವಾದ ಸನ್ ಮೈಕ್ರೋಸಿಸ್ಟಮ್ಸ್ ಮತ್ತು ಅದಕ್ಕಿಂತ ಹಿಂದಿನದಾದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ (ಡೆಕ್) ಮುಖ್ಯವಾದುವು. ಇವುಗಳ ಕೀಲಿಮಣೆ, ಮೌಸುಗಳು ಐಬಿಎಂ ಪಿಸಿಯವುಗಳಿಗಿಂತ ಭಿನ್ನವಾಗಿದ್ದುವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಲಿನಕ್ಸಾದರೋ 1991ರಲ್ಲಿ ಪಿಸಿಯ ಮೇಲೆ ಹುಟ್ಟಿದ್ದು. ಮುಂದೆ 1990ರ ದಶಕದ ನಡುವಿನಲ್ಲಿ ಸನ್ ಸಂಸ್ಥೆಯ ಸ್ಪಾರ್ಕ್ ಯಂತ್ರಗಳಿಗೂ ಅದನ್ನು ಅಳವಡಿಸಿದಾಗ ಈ ಎರಡು ಸಂಪ್ರದಾಯಗಳು ಮುಖಾಮುಖಿಯಾದುವು.

2

ಕೀಲಿಯನ್ನು ಒತ್ತಿದಾಗ ಅಕ್ಷರವೇ ಗಣಕಕ್ಕೆ ಹೋಗುತ್ತದೆ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಹೋಗುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ಗಣಕದಲ್ಲಿರುವ ಕೋಷ್ಟಕ ನಿರ್ಣಯಿಸುತ್ತದೆ. ಸನ್ ಸಂಸ್ಥೆಯ ನಾಲ್ಕನೆಯ ಮತ್ತು ಐದನೆಯ ಮಾದರಿಯ ಕೀಲಿಮಣೆಗಳಲ್ಲಿ 'ಎ' ಅಕ್ಷರದ ಕೀಲಿಯನ್ನು ಒತ್ತಿದರೆ 77 ಎಂಬ ಸಂಖ್ಯೆ ಹೊರಡುತ್ತದೆ. ಬೆರಳೆತ್ತಿದಾಗ ಅದಕ್ಕೆ 128 ಕೂಡಿ 205 ಆಗುತ್ತದೆ. ಎಲ್ಲ ಕೀಲಿಗಳೂ ಮೇಲೆದ್ದಿವೆ ಎಂಬುದನ್ನು 127 ಸೂಚಿಸುತ್ತದೆ. ಇವೆಲ್ಲ ಸೆಕೆಂಡಿಗೆ 1200 ಬಿಟ್‌ಗಳ ಮಂದಗತಿಯಲ್ಲಿ ಸಾಗುತ್ತವೆ. ಬೆರಳುಗಳ ವೇಗಕ್ಕೆ ಅಷ್ಟೇ ಸಾಕು.

ಡೆಕ್ ಸಂಸ್ಥೆಯು 1982ರಲ್ಲಿ ಹೊರತಂದ ಎಲ್‌ಕೆ 201 ಎಂಬ ಕೀಲಿಮಣೆಯ ಕ್ರಮವೇ ಬೇರೆ. ಅದರ ವೇಗ ಸೆಕೆಂಡಿಗೆ 4800 ಬಿಟ್. ಕೀಲಿಗಳನ್ನು 14 ವಿಭಾಗಗಳಾಗಿ ಮಾಡಿ, ಒಂದೊಂದು ವಿಭಾಗವೂ ಒತ್ತಿದ್ದನ್ನು ಮಾತ್ರ ತಿಳಿಸಬೇಕೋ ಬಿಟ್ಟದ್ದನ್ನೂ ತಿಳಿಸಬೇಕೋ ಎಂಬುದನ್ನು ಗಣಕವೇ ಆಜ್ಞಾಪಿಸುವ ಏರ್ಪಾಡು ಅದರಲ್ಲಿದೆ. ಎರಡನ್ನೂ ತಿಳಿಸುವಂತೆ ಆಜ್ಞೆ ಮಾಡಿದಾಗ ಒತ್ತಿದರೂ ಬಿಟ್ಟರೂ ಬರುವುದು ಒಂದೇ ಸಂಖ್ಯೆ. ಇದು ಒತ್ತಿದ್ದೋ ಬಿಟ್ಟದ್ದೋ ಎಂಬುದನ್ನು ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಂಡು ಗಣಕ ಊಹಿಸಬೇಕು. ನಡುವೆ ಒಂದು ಸಂಖ್ಯೆ ತಪ್ಪಿಹೋದರೆ ಅರ್ಥ ತಲೆಕೆಳಗಾಗುತ್ತದೆ. ಎಲ್ಲ ಕೀಲಿಗಳೂ ಮೇಲೆದ್ದಾಗ ಬರುವ 179 ಎಂಬ ಸಂಖ್ಯೆಯೇ ಆಗ ಲೆಕ್ಕವನ್ನು ಮತ್ತೆ ಸರಿಪಡಿಸುತ್ತದೆ.

ಇಂತಹ ಕೀಲಿಮಣೆಯನ್ನು ಇಂದಿನ ಪಿಸಿಗೆ ಜೋಡಿಸಬೇಕಾದರೆ ಮೊದಲು ವಿದ್ಯುತ್ಸಂಕೇತಗಳ ಮಟ್ಟವನ್ನು ಸರಿಹೊಂದಿಸುವ ಚಿಕ್ಕ ಮಧ್ಯವರ್ತಿ ಉಪಕರಣ ಬೇಕಾಗಬಹುದು. ಆಮೇಲೆ ಇನ್‌ಪುಟ್‌ಅಟ್ಯಾಚ್ ಎಂಬ ಆಜ್ಞೆಯ ಮೂಲಕ, ಈ ಸರಣಿ ದ್ವಾರದಲ್ಲಿರುವುದು ಸನ್ ಕೀಲಿಮಣೆ ಅಥವಾ ಡೆಕ್ ಕೀಲಿಮಣೆ ಎಂದು ಲಿನಕ್ಸಿಗೆ ತಿಳಿಸಬೇಕು. ಅಲ್ಲಿಂದ ಮುಂದೆ ನಡೆಯುವುದು ಒಂದು ಸಂಭಾಷಣೆ. ಸನ್ ಕೀಲಿಮಣೆಗೆ ಗಣಕವು 1 ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ಅದು 255 ಎಂದು ಉತ್ತರಕೊಟ್ಟು ತನ್ನ ಮಾದರಿಯನ್ನು ಹೇಳುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಐದನೆಯ ಮಾದರಿಯ ಮಣೆಯೂ ತನ್ನನ್ನು ನಾಲ್ಕು ಎಂದೇ ಹೇಳಿಕೊಳ್ಳುತ್ತದೆ. ಆದಕಾರಣ ಗಣಕವು 15 ಎಂಬ ಎರಡನೆಯ ಪ್ರಶ್ನೆಯನ್ನು ಕೇಳಿ, 254ರ ಹಿಂದೆಯೇ ಬರುವ ವಿನ್ಯಾಸಸೂಚಕ ಸಂಖ್ಯೆಯನ್ನು ಪರೀಕ್ಷಿಸಿ ನಿಜಸ್ಥಿತಿಯನ್ನು ತಿಳಿಯಬೇಕು. ಸಾಕ್ಷಿಯು ತನ್ನ ವಿಷಯದಲ್ಲಿ ತಾನೇ ನುಡಿದ ಮಾತನ್ನು ಇನ್ನೊಂದು ಆಧಾರದಿಂದ ಪರಿಶೀಲಿಸಬೇಕೆಂಬ ಇತಿಹಾಸಕಾರರ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

3

ಈ ಸಂಖ್ಯೆಗಳನ್ನು ಎಲ್ಲಿ ಅನುವಾದಿಸಬೇಕು ಎಂಬ ಪ್ರಶ್ನೆಗೆ ಲಿನಕ್ಸ್ ಕೊಟ್ಟ ಉತ್ತರ ಕಾಲಕ್ರಮದಲ್ಲಿ ಬದಲಾಯಿತು. 2.4ನೆಯ ಆವೃತ್ತಿಯವರೆಗೆ ಸ್ಪಾರ್ಕ್ ಯಂತ್ರಗಳಲ್ಲಿ ಸನ್ ಸಂಖ್ಯೆಗಳೇ ನೇರವಾಗಿ ಮೇಲಿನ ಕೋಷ್ಟಕಕ್ಕೆ ಬರುತ್ತಿದ್ದುವು. ಆ ಕೋಷ್ಟಕವನ್ನು ಸನ್ ಕ್ರಮಕ್ಕೆ ತಕ್ಕಂತೆಯೇ ಬರೆಯಲಾಗಿತ್ತು. 2003ರ ಡಿಸೆಂಬರಿನಲ್ಲಿ 2.6ನೆಯ ಆವೃತ್ತಿ ಹೊರಬಂದಾಗ ಈ ಪದ್ಧತಿ ಕೊನೆಗೊಂಡಿತು. ವೊಯ್ಟೆಕ್ ಪಾವ್ಲಿಕ್ ಅವರು ಮುಖ್ಯವಾಗಿ ರೂಪಿಸಿದ ಸಾಮಾನ್ಯ ಇನ್‌ಪುಟ್ ವ್ಯವಸ್ಥೆಯಲ್ಲಿ, ಸನ್ ಆಗಲಿ ಡೆಕ್ ಆಗಲಿ ಪಿಸಿಯಾಗಲಿ, ಎಲ್ಲ ಮಣೆಗಳ ಸಂಖ್ಯೆಗಳೂ ಕರ್ನೆಲಿನ ಒಳಗೇ ಒಂದು ಸಾಮಾನ್ಯ ಸಂಖ್ಯಾಕ್ರಮಕ್ಕೆ ಮಾರ್ಪಡುತ್ತವೆ. ಆ ಸಾಮಾನ್ಯ ಕ್ರಮದಲ್ಲಿ 'ಎ' ಎಂದರೆ 30.

ಇದು ಒಳ್ಳೆಯ ಸುಧಾರಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸ ಕರ್ನೆಲಿನ ಮೇಲೆ ಹಳೆಯ ಸನ್ ಕೋಷ್ಟಕವನ್ನೇ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ವಾಚಕರು ಊಹಿಸಬಹುದು. 'ಎ' ಒತ್ತಿದರೆ ಕರ್ನೆಲ್ 30 ಎನ್ನುತ್ತದೆ. ಸನ್ ಕ್ರಮದಲ್ಲಿ 30 ಎಂದರೆ ಒಂದು ಎಂಬ ಅಂಕಿ. ಕಂಟ್ರೋಲ್ ಒತ್ತಿದರೆ 29 ಬರುತ್ತದೆ. ಸನ್ ಕ್ರಮದಲ್ಲಿ ಅದು ಎಸ್ಕೇಪ್. ತನ್ನ ಹೆಸರನ್ನೂ ಗುಪ್ತಪದವನ್ನೂ ಸರಿಯಾಗಿ ಒತ್ತಲಾರದ ಬಳಕೆದಾರನು ತನ್ನ ಯಂತ್ರದ ಹೊರಗೇ ನಿಲ್ಲಬೇಕಾಗುತ್ತದೆ. ಕೀಲಿಮಣೆ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ಗಣಕವೂ ಸರಿಯಾಗಿಯೇ ಇದೆ. ಕೆಟ್ಟಿರುವುದು ಒಂದು ಸಂಖ್ಯೆಗೂ ಅದರ ಅರ್ಥಕ್ಕೂ ಇದ್ದ ಸಂಬಂಧ ಮಾತ್ರ. ಲಿಪಿ ಬದಲಾದುದನ್ನು ಅರಿಯದೆ ಶಾಸನವನ್ನು ಓದಹೊರಟವನ ಪಾಡೂ ಇದೇ.

4

ಇನ್ನು ಸಂಖ್ಯೆಗಳ ಸಾಕ್ಷ್ಯವನ್ನು ಪರಿಶೀಲಿಸೋಣ. ಸನ್ ಕ್ರಮದಲ್ಲಿ ಕಂಟ್ರೋಲ್ 76, 'ಎ' 77. ಈ ಎರಡೂ ಪಕ್ಕಪಕ್ಕದ ಸಂಖ್ಯೆಗಳಾಗಿರುವುದಕ್ಕೆ ಕಾರಣ ಸ್ಪಷ್ಟ: ಸನ್ ಮಣೆಯಲ್ಲಿ ಕಂಟ್ರೋಲ್ ಕೀಲಿ 'ಎ'ಯ ಎಡಕ್ಕೇ ಇತ್ತು. ಯುನಿಕ್ಸ್ ಬಳಸುವವರು ಕಂಟ್ರೋಲನ್ನು ಅಡಿಗಡಿಗೆ ಒತ್ತಬೇಕಾದುದರಿಂದ ಈ ಸ್ಥಾನ ಅವರಿಗೆ ಅನುಕೂಲವಾಗಿತ್ತು. ಇಂದಿನ ಪಿಸಿ ಮಣೆಯಲ್ಲಿ ಆ ಸ್ಥಾನವನ್ನು ಕ್ಯಾಪ್ಸ್ ಲಾಕ್ ಆಕ್ರಮಿಸಿದೆ. ಆದುದರಿಂದ ಸನ್ ಮಣೆಯಲ್ಲಿ ಪಳಗಿದವರು ಪಿಸಿಗೆ ಬಂದಾಗ ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಆಗಿ ಮಾರ್ಪಡಿಸಿಕೊಳ್ಳುತ್ತಾರೆ. ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಅದಕ್ಕೆಂದೇ ಸಿದ್ಧವಾದ ಆಯ್ಕೆಗಳಿವೆ. ಇದನ್ನು ಸನ್ ಬಳಕೆದಾರರ ಹಟವೆಂದು ತಳ್ಳಿಹಾಕುವವರೂ ಉಂಟು.

ಆದರೆ ಪಿಸಿಯ ಸಂಖ್ಯೆಗಳನ್ನೇ ನೋಡೋಣ. ಅಲ್ಲಿಯೂ ಕಂಟ್ರೋಲ್ 29, 'ಎ' 30! ಈಗ ಕೆಳಗಿನ ಮೂಲೆಯಲ್ಲಿರುವ ಕಂಟ್ರೋಲಿಗೆ 'ಎ'ಯ ನೆರೆಸಂಖ್ಯೆ ಹೇಗೆ ಬಂದಿತು? ಇದು ಕೇವಲ ಆಕಸ್ಮಿಕವೆಂದು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನ ಕ್ಯಾಪ್ಸ್ ಲಾಕಿನ ಸಂಖ್ಯೆಯಲ್ಲಿ ದೊರೆಯುತ್ತದೆ. ಅದು 58, ಅದರ ಹಿಂದಿನ 57 ಪದಗಳ ನಡುವೆ ತೆರಪು ಬಿಡುವ ಉದ್ದನೆಯ ಕೀಲಿ. 1981ರಲ್ಲಿ ಹೊರಬಂದ ಮೊದಲ ಐಬಿಎಂ ಪಿಸಿಯ 83 ಕೀಲಿಗಳ ಮಣೆಯಲ್ಲಿ ಕಂಟ್ರೋಲ್ 'ಎ'ಯ ಪಕ್ಕದಲ್ಲಿಯೂ ಕ್ಯಾಪ್ಸ್ ಲಾಕ್ ಉದ್ದನೆಯ ಕೀಲಿಯ ಬಲಕ್ಕೂ ಇದ್ದುವು. 1980ರ ದಶಕದ ಮಧ್ಯಭಾಗದಲ್ಲಿ ಬಂದ 101 ಕೀಲಿಗಳ ಮಣೆಯಲ್ಲಿ ಸ್ಥಾನಗಳು ಬದಲಾದುವು. ಆದರೆ ಹಳೆಯ ತಂತ್ರಾಂಶಗಳು ನಡೆಯಬೇಕಾದುದರಿಂದ ಸಂಖ್ಯೆಗಳನ್ನು ಬದಲಾಯಿಸಲಿಲ್ಲ. ಪಿಸಿಯ ಮೇಲೆ ಹುಟ್ಟಿದ ಲಿನಕ್ಸ್ ಆ ಸಂಖ್ಯೆಗಳನ್ನೇ ತನ್ನ ಸಾಮಾನ್ಯ ಕ್ರಮಕ್ಕೆ ತಳಹದಿಯಾಗಿ ಮಾಡಿಕೊಂಡಿತು. ಹೀಗೆ, ಕಂಟ್ರೋಲನ್ನು 'ಎ'ಯ ಪಕ್ಕಕ್ಕೆ ತರುವವನು ಹೊಸ ಪದ್ಧತಿಯನ್ನು ಹೂಡುತ್ತಿಲ್ಲ. ಪಿಸಿಯ ಮೂಲಸ್ಥಿತಿಯನ್ನೇ ಮರಳಿ ಸ್ಥಾಪಿಸುತ್ತಿದ್ದಾನೆ. ಹಳಗನ್ನಡದ ಱ, ೞ ಅಕ್ಷರಗಳು ಬಳಕೆಯಿಂದ ತಪ್ಪಿದ ಮೇಲೂ ಶಾಸನಗಳಲ್ಲಿ ನಿಂತು ಹಿಂದಿನ ಉಚ್ಚಾರಣೆಗೆ ಸಾಕ್ಷಿ ನುಡಿಯುವಂತೆ, ಈ ಸಂಖ್ಯೆಗಳು ಕೀಲಿಗಳು ಸ್ಥಳಾಂತರಗೊಂಡ ಮೇಲೂ ಅವುಗಳ ಹಿಂದಿನ ನೆಲೆಯನ್ನು ತಿಳಿಸುತ್ತವೆ.

ಸನ್ ಮಣೆಯೂ ಈ ಸಾಮಾನ್ಯ ಕ್ರಮದಲ್ಲಿ ತನ್ನ ಗುರುತನ್ನು ಉಳಿಸಿಹೋಗಿದೆ. ಅದರ ಎಡಬದಿಯಲ್ಲಿ ಸ್ಟಾಪ್, ಅಗೇನ್, ಪ್ರಾಪ್ಸ್, ಅನ್‌ಡು, ಫ್ರಂಟ್, ಕಾಪಿ, ಓಪನ್, ಪೇಸ್ಟ್, ಫೈಂಡ್, ಕಟ್ ಎಂಬ ಹತ್ತು ಕೀಲಿಗಳೂ ಅವುಗಳೊಡನೆ ಹೆಲ್ಪ್ ಎಂಬ ಕೀಲಿಯೂ ಇದ್ದುವು. ಲಿನಕ್ಸಿನ ಕ್ರಮದಲ್ಲಿ 128ರಿಂದ 138ರವರೆಗಿನ ಸಂಖ್ಯೆಗಳು ಇದೇ ಅನುಕ್ರಮದಲ್ಲಿ ಇವೇ ಕೀಲಿಗಳಿಗೆ ಮೀಸಲಾಗಿವೆ. ಸನ್ ಯಂತ್ರವನ್ನು ಕಣ್ಣಿನಿಂದ ಕಾಣದವರ ಗಣಕದಲ್ಲಿಯೂ ಈ ಹನ್ನೊಂದು ಹೆಸರುಗಳು ಇಂದಿಗೂ ಇವೆ.

ಹೀಗೆಂದ ಮಾತ್ರಕ್ಕೆ ಎಲ್ಲ ಸಂಖ್ಯೆಗಳಿಂದಲೂ ಸ್ಥಾನವನ್ನು ಊಹಿಸುವುದು ಸಾಧುವಲ್ಲ. ಸನ್ ಕ್ರಮದಲ್ಲಿ ಎಫ್ 2 ಎಂಬ ಕೀಲಿಗೆ 6, ಎಫ್ 3ಕ್ಕೆ 8. ನಡುವಿನ 7 ದೂರದ ಎಫ್ 10ಕ್ಕೆ ಸೇರಿದೆ. ಆದುದರಿಂದ ಸಂಖ್ಯೆಯ ಸಾಕ್ಷ್ಯವನ್ನು ಮಣೆಯ ರೂಪದೊಡನೆ ತಾಳೆ ನೋಡಿಯೇ ಅಂಗೀಕರಿಸಬೇಕು.

5

ಮೌಸಿನ ವಿಷಯದಲ್ಲಿ ಹೊಂದಾಣಿಕೆಯ ಮಿತಿಯೂ ಗೋಚರವಾಗುತ್ತದೆ. ಡಗ್ಲಾಸ್ ಎಂಗಲ್‌ಬಾರ್ಟ್ ಅವರು 1968ರ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದ ಈ ಸಾಧನ 1973ರ ಜೆರಾಕ್ಸ್ ಆಲ್ಟೋ ಯಂತ್ರದ ಮೂಲಕ ವರ್ಕ್‌ಸ್ಟೇಷನ್‌ಗಳಿಗೆ ಮೂರು ಗುಂಡಿಗಳ ರೂಪದಲ್ಲಿ ಬಂದಿತು. ಎಕ್ಸ್ ವ್ಯವಸ್ಥೆಯಲ್ಲಿ ಆಯ್ದ ಪಾಠವನ್ನು ಅಂಟಿಸುವುದು ನಡುವಿನ ಗುಂಡಿಯ ಕೆಲಸ. ಎರಡೇ ಗುಂಡಿಗಳುಳ್ಳ ಪಿಸಿ ಮೌಸಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮೂರನೆಯದೆಂದು ಭಾವಿಸುವ ಏರ್ಪಾಡನ್ನು ಮಾಡಬೇಕಾಯಿತು. ಮೌಸ್ ಸಿಸ್ಟಮ್ಸ್ ಪದ್ಧತಿಯಲ್ಲಿ ಒಂದೊಂದು ವರದಿಗೆ ಐದು ಬೈಟ್‌ಗಳು, ಲಿನಕ್ಸಿನಲ್ಲಿ ಸನ್ ಎಂದು ಕರೆಯುವ ಪದ್ಧತಿಯಲ್ಲಿ ಮೂರು. ಮೊದಲ ಬೈಟ್ ಎರಡರಲ್ಲಿಯೂ ಒಂದೇ ರೀತಿಯದಾದುದರಿಂದ ಒಂದೇ ಚಾಲಕ ತಂತ್ರಾಂಶ ಎರಡನ್ನೂ ಓದಬಲ್ಲದು. ಆದರೆ ಹೆಸರನ್ನು ತಪ್ಪಾಗಿ ಕೊಟ್ಟರೆ ಗುರುತು ತೆರೆಯ ಮೇಲೆ ಸರಿಯಾಗಿ ಚಲಿಸುವುದಿಲ್ಲ.

ಸನ್ ಯಂತ್ರಗಳ ಜೊತೆಗೆ ಬರುತ್ತಿದ್ದ ಬೆಳಕಿನ ಮೌಸಿಗೆ ಗೆರೆಗಳ ಜಾಲವುಳ್ಳ ಲೋಹದ ಹಲಗೆ ಅವಶ್ಯಕವಾಗಿತ್ತು. ಅದು ಕಳೆದುಹೋದರೆ ಯಾವ ಕೋಷ್ಟಕವೂ ಯಾವ ಆಜ್ಞೆಯೂ ಆ ಮೌಸನ್ನು ನಡೆಸಲಾರದು. ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬಹುದು, ವಸ್ತುವನ್ನು ವಸ್ತುವಾಗಿಯೇ ಕಾಪಾಡಬೇಕು.

6

ಅನುವಾದವನ್ನು ಹಂತಹಂತವಾಗಿ ಬೇರ್ಪಡಿಸಿದುದರಿಂದ ಒದಗಿದ ಪ್ರಯೋಜನಕ್ಕೆ ನಮಗೆ ಹತ್ತಿರದ ಉದಾಹರಣೆಯೊಂದಿದೆ. ಸನ್ ಮಣೆಯ 77 ಕರ್ನೆಲಿನಲ್ಲಿ 30 ಆಗುತ್ತದೆ. ಎಕ್ಸ್ ವ್ಯವಸ್ಥೆ ಅದಕ್ಕೆ 8 ಕೂಡಿಸಿ 38 ಮಾಡುತ್ತದೆ. ಕೊನೆಯ ಹಂತದಲ್ಲಿ ಮಾತ್ರ ಭಾಷೆಯ ವಿನ್ಯಾಸ ಬರುತ್ತದೆ. ಆ ವಿನ್ಯಾಸಗಳ ಸಾಲಿನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕ್ರಮವೂ ಕಗಪ ಎಂಬ ಧ್ವನ್ಯನುಸಾರಿ ಕ್ರಮವೂ ಸೇರಿವೆ. ಆದುದರಿಂದ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ತಯಾರಿಸಿದ ಹಳೆಯ ಸನ್ ಮಣೆಯಲ್ಲಿ ಇಂದು ಕನ್ನಡವನ್ನು ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರತಿಯೊಂದು ಮಣೆಗೂ ಪ್ರತಿಯೊಂದು ಭಾಷೆಗೂ ಬೇರೆ ಬೇರೆ ಕೋಷ್ಟಕ ಬೇಕಾಗಿದ್ದರೆ ಇಂತಹ ಮಣೆಗೆ ಕನ್ನಡ ಕೋಷ್ಟಕವನ್ನು ಬರೆಯುವ ಶ್ರಮವನ್ನು ಯಾರು ವಹಿಸುತ್ತಿದ್ದರು?

ಡೆಕ್ ಸಂಸ್ಥೆ 1998ರಲ್ಲಿ ಕಾಂಪ್ಯಾಕ್ ವಶವಾಯಿತು. ಸನ್ 2010ರಲ್ಲಿ ಒರಾಕಲ್‌ಗೆ ಸೇರಿತು. ಕೀಲಿಮಣೆಗಳನ್ನು ಮಾಡಿದ ಸಂಸ್ಥೆಗಳು ಇಲ್ಲವಾದ ಮೇಲೂ ಅವುಗಳ ಭಾಷೆ ಲಿನಕ್ಸಿನ ಚಾಲಕ ತಂತ್ರಾಂಶಗಳ ಮೂಲಪಾಠದಲ್ಲಿ, ಯಾರು ಬೇಕಾದರೂ ಓದುವಂತೆ, ಉಳಿದಿದೆ. ಆ ಪಾಠವನ್ನು ಬಳಕೆಯ ಸಾಧನವೆಂದು ಮಾತ್ರವಲ್ಲದೆ ಇತಿಹಾಸದ ಆಕರವೆಂದೂ ಪರಿಗಣಿಸಬೇಕು. ಬಳಸುವವರು ಯಾರೂ ಇಲ್ಲವೆಂದು ಅದನ್ನು ಎಂದಾದರೊಂದು ದಿನ ತೆಗೆದುಹಾಕುವ ಪ್ರಸಂಗ ಬಂದರೆ, ಕಂಟ್ರೋಲ್ ಏಕೆ 'ಎ'ಯ ನೆರೆಯ ಸಂಖ್ಯೆಯಾಗಿದೆ ಎಂಬಂತಹ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಸಾಕ್ಷಿಯೂ ಅದರೊಂದಿಗೆ ದೂರವಾದೀತು. ನಮ್ಮ ಕಾಲೇಜುಗಳ ಉಗ್ರಾಣಗಳಲ್ಲಿ ಧೂಳು ಹಿಡಿದು ಬಿದ್ದಿರುವ ಹಳೆಯ ಮಣೆಗಳನ್ನು ಗುಜರಿಗೆ ಹಾಕುವ ಮುನ್ನ ವಿದ್ಯಾರ್ಥಿಗಳು ಅವುಗಳಲ್ಲೊಂದನ್ನಾದರೂ ಲಿನಕ್ಸಿಗೆ ಜೋಡಿಸಿ, ಒಂದೊಂದು ಕೀಲಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುವುದು ಉಚಿತ. ಅದರಿಂದ ಯಂತ್ರದ ಜ್ಞಾನವೂ ಇತಿಹಾಸದ ದೃಷ್ಟಿಯೂ ಏಕಕಾಲದಲ್ಲಿ ಲಭಿಸುತ್ತವೆ.